ಪುಟ ತಿರುಗಿಸುವ ಮೊದಲು

ನನ್ನ ಮಗಳಿಗೆ ಆರು ವರ್ಷ ತುಂಬಿದ ಹೊತ್ತಿನಲ್ಲಿ, ರಾತ್ರಿ ಮಲಗುವ ಮುನ್ನ ನಾವಿಬ್ಬರೂ ಕೂತು ಓದುತ್ತಿದ್ದ ಇಪ್ಪತ್ತು ನಿಮಿಷಗಳು ಮೆಲ್ಲಮೆಲ್ಲನೆ ಹಾಳಾಗತೊಡಗಿದ್ದವು. ಅದು ನನ್ನ ಗಮನಕ್ಕೆ ಬರಲು ಸುಮಾರು ಎರಡು ತಿಂಗಳು ಹಿಡಿಯಿತು. ಅದುವರೆಗೆ ನಾನು ಓದುತ್ತಿದ್ದೆ, ಅವಳು ನನ್ನ ತೋಳಿಗೆ ಒರಗಿ ಚಿತ್ರ ನೋಡುತ್ತಾ ಕೇಳುತ್ತಿದ್ದಳು. ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದಾಳಲ್ಲ, ಇನ್ನು ಅವಳೇ ಓದಲಿ ಎಂದುಕೊಂಡು ನಾನು ಸಾಲಿನ ಕೆಳಗೆ ಬೆರಳಿಟ್ಟು "ಇದೇನು ಹೇಳು ನೋಡೋಣ" ಎಂದು ಕೇಳಲು ಶುರುಮಾಡಿದೆ. "ಮ... ರ... ದ... ಮೇ... ಲೆ..." ಎಂದು ಅವಳು ಒಂದೊಂದೇ ಅಕ್ಷರವನ್ನು ಹೆಕ್ಕುತ್ತಿದ್ದಳು, ಮತ್ತು ಒಂದೊಂದು ಅಕ್ಷರ ಮುಗಿದ ಕೂಡಲೇ ಅವಳ ಕಣ್ಣು ಪುಟವನ್ನು ಬಿಟ್ಟು ನನ್ನ ಮುಖಕ್ಕೆ ಏರುತ್ತಿತ್ತು. ಸರಿಯೋ ತಪ್ಪೋ ಎಂಬುದು ಅಲ್ಲಿ ಬರೆದಿರುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು. ಮರದ ಮೇಲೆ ಯಾರಿದ್ದಾರೆ ಎಂಬ ಕುತೂಹಲ ಎಲ್ಲಿಯೋ ಕಳೆದುಹೋಗಿ, ಅಮ್ಮನ ಹುಬ್ಬು ಗಂಟಿಕ್ಕುತ್ತದೆಯೋ ಇಲ್ಲವೋ ಎಂಬುದಷ್ಟೇ ಉಳಿದಿತ್ತು. ಒಂದು ರಾತ್ರಿ ನಾನು ಪುಸ್ತಕ ಕೈಗೆತ್ತಿಕೊಂಡ ಕೂಡಲೇ "ಇವತ್ತು ಬೇಡ, ನಂಗೆ ನಿದ್ದೆ ಬಂದಿದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆಯೇನೂ ಬಂದಿರಲಿಲ್ಲ, ದೀಪ ಆರಿಸಿದ ಮೇಲೂ ಬಹಳ ಹೊತ್ತು ಹೊದಿಕೆಯೊಳಗೆ ಕಾಲು ಅಲ್ಲಾಡಿಸುತ್ತಲೇ ಇದ್ದಳು.

ಓದು ಬಂದವರಿಗೆ ಓದು ಬಾರದಿದ್ದ ಕಾಲ ನೆನಪಿರುವುದಿಲ್ಲ. ಕಣ್ಣಿಗೆ ಬಿದ್ದ ಪದವನ್ನು ಓದದೆ ಇರುವುದು ಈಗ ನಮ್ಮಿಂದ ಸಾಧ್ಯವೇ ಇಲ್ಲ. ನೋಡಿದೆವು ಎಂದರೆ ಓದಿಯಾಯಿತು. ಹೀಗಾಗಿ ಮಗು ಪಡುವ ಶ್ರಮವನ್ನು ನಾವು ಗೌರವಿಸುವುದಿಲ್ಲ, "ನಿನ್ನೆ ತಾನೇ ಹೇಳಿಕೊಟ್ಟಿದ್ದೆನಲ್ಲ" ಎಂದು ರೇಗುತ್ತೇವೆ. ಆ ರಾತ್ರಿಯ ನಂತರ ನನಗೆ ನಾನೇ ಒಂದು ಸಣ್ಣ ಶಿಕ್ಷೆ ವಿಧಿಸಿಕೊಂಡೆ. ಅರೆಬರೆ ಪರಿಚಯವಿರುವ ಇನ್ನೊಂದು ಲಿಪಿಯ, ಪುಟಕ್ಕೆ ನಾಲ್ಕೇ ಸಾಲಿದ್ದ ಮಕ್ಕಳ ಪುಸ್ತಕವೊಂದನ್ನು ಹಿಡಿದು ಓದಲು ಕೂತೆ. ಅಕ್ಷರವನ್ನು ಗುರುತಿಸಿ, ಅದರ ಸ್ವರಚಿಹ್ನೆ ಯಾವುದೆಂದು ನೆನಪಿಸಿಕೊಂಡು, ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಮರೆತು, ಮತ್ತೆ ಹಿಂದಕ್ಕೆ ಬಂದು, ಹೀಗೆ ನಾಲ್ಕು ಸಾಲು ಮುಗಿಸುವ ಹೊತ್ತಿಗೆ ಬಾವಿಗೆ ಬಿದ್ದದ್ದು ನರಿಯೋ ಮೊಲವೋ ನನಗೆ ಗೊತ್ತಿರಲಿಲ್ಲ. ಆಗ ಪಕ್ಕದಲ್ಲಿ ಯಾರಾದರೂ ಕೂತು "ಹ್ಞೂಂ, ಮುಂದೆ?" ಎಂದಿದ್ದರೆ ನಾನೂ ಗೋಡೆಯ ಕಡೆಗೇ ತಿರುಗುತ್ತಿದ್ದೆ.

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದನ್ನು ಒಂದು ಗುಣಾಕಾರದ ಲೆಕ್ಕವಾಗಿ ವಿವರಿಸಿದರು. ಬರೆದ ಪದವನ್ನು ಬಿಡಿಸಿ ಉಚ್ಚರಿಸಿಕೊಳ್ಳುವ ಶಕ್ತಿ ಒಂದು, ಆ ಭಾಷೆಯನ್ನು ಕಿವಿಯಿಂದ ಕೇಳಿದಾಗ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಓದಿ ಅರ್ಥಮಾಡಿಕೊಳ್ಳುವುದು ಇವೆರಡರ ಗುಣಲಬ್ಧ. ಇದು ಕೂಡಿಸುವ ಲೆಕ್ಕವಲ್ಲ ಎಂಬುದರಲ್ಲೇ ಅದರ ಸ್ವಾರಸ್ಯವಿದೆ. ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಉತ್ತರ ಸೊನ್ನೆ. ಮೊದಲ ವರ್ಷಗಳಲ್ಲಿ ಮಗುವಿನ ಬಳಿ ಎರಡನೆಯ ಶಕ್ತಿ ಸಾಕಷ್ಟಿರುತ್ತದೆ, ಕಥೆ ಹೇಳಿದರೆ ಬಾಯಿಬಿಟ್ಟುಕೊಂಡು ಕೇಳುತ್ತದೆ. ಮೊದಲನೆಯದು ಮಾತ್ರ ಇನ್ನೂ ಸೊನ್ನೆಯ ಹತ್ತಿರದಲ್ಲೇ ಕುಂಟುತ್ತಿರುತ್ತದೆ. ಗಮನವೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾಗಿಹೋದರೆ ಅರ್ಥಕ್ಕೆಂದು ಏನೂ ಉಳಿಯುವುದಿಲ್ಲ, ಮತ್ತು ಅರ್ಥವೇ ಸಿಗದ ಕೆಲಸದಲ್ಲಿ ಯಾರಿಗೆ ತಾನೇ ಖುಷಿ ಸಿಗುತ್ತದೆ? ಮಕ್ಕಳಿಗೆ ಓದು ಬೇಸರವಾಗುವುದಕ್ಕೆ ಸೋಮಾರಿತನವನ್ನೋ ಟೀವಿಯನ್ನೋ ದೂರುವ ಮೊದಲು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು.

ಕನ್ನಡದಲ್ಲಿ ಓದಲು ಕಲಿಯುವ ಮಗುವಿನ ಮುಂದಿರುವ ಕೆಲಸ ಸಣ್ಣದಲ್ಲ. ವರ್ಣಮಾಲೆಯ 49 ಅಕ್ಷರಗಳು ಬರೀ ಹೊಸ್ತಿಲು. 34 ವ್ಯಂಜನಗಳಿಗೂ ಹದಿನೈದು ರೂಪದ ಕಾಗುಣಿತ ಹಾಕಿದರೆ ಐನೂರು ದಾಟುತ್ತದೆ, ಆಮೇಲೆ ಒತ್ತಕ್ಷರಗಳು. ದ-ದ ಹೊಟ್ಟೆ ಸೀಳಿದರೆ ಧ, ಆ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ಥ. ರ-ದ ನಡುವೆ ಚುಕ್ಕಿ ಇಟ್ಟರೆ ಠ. ವ-ಗೆ ಒಂದು ಕೊಂಬು ಮೂಡಿದರೆ ಮ. ಬೆಳ್ಳುಳ್ಳಿಯ ಎಸಳಿನಷ್ಟು ಸಣ್ಣ ವ್ಯತ್ಯಾಸಕ್ಕೆ ಇಡೀ ಪದವೇ ಬೇರೆಯಾಗುತ್ತದೆ ಎಂಬುದು, ಚೆಂಡನ್ನು ಹೇಗೆ ತಿರುಗಿಸಿದರೂ ಚೆಂಡೇ ಎಂದು ಅಷ್ಟು ವರ್ಷ ಕಲಿತು ಬಂದ ಕಣ್ಣಿಗೆ ವಿಚಿತ್ರವಾದ ನಿಯಮ. ಮಿದುಳಿನಲ್ಲಿ ಓದು ಹೇಗೆ ನಡೆಯುತ್ತದೆ ಎಂದು ಅಧ್ಯಯನ ಮಾಡಿರುವ ಸ್ಟಾನಿಸ್ಲಾಸ್ ದೆಹಾನ್ ಹೇಳುವುದೂ ಇದನ್ನೇ: ಬರವಣಿಗೆ ಹುಟ್ಟಿ ಸುಮಾರು ಐದು ಸಾವಿರ ವರ್ಷಗಳಷ್ಟೇ ಆಗಿರುವುದರಿಂದ ಓದಿಗೆಂದೇ ಮೀಸಲಾದ ಭಾಗವೊಂದು ಮಿದುಳಿನಲ್ಲಿ ವಿಕಾಸವಾಗಿಲ್ಲ, ವಸ್ತುಗಳನ್ನೂ ಮುಖಗಳನ್ನೂ ಗುರುತಿಸುತ್ತಿದ್ದ ಜಾಗದ ಒಂದು ತುಣುಕೇ ಅಕ್ಷರಗಳಿಗೆ ಒಗ್ಗಿಕೊಳ್ಳುತ್ತದೆ. ಮಕ್ಕಳು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಈ ಹಳೆಯ ಅಭ್ಯಾಸದ ಉಳಿಕೆ. ಐದಾರು ವರ್ಷದ ಮಗು ಹಾಗೆ ಬರೆದರೆ ಗಾಬರಿಪಡಬೇಕಾದದ್ದೇನೂ ಇಲ್ಲ.

ನನ್ನ ಮಗಳು ಒಮ್ಮೆ "ಸೂಯರ" ಎಂದು ಓದಿದಳು. ನಾನು ನಕ್ಕೆ, ನಗಬಾರದಿತ್ತು. ಪುಟದಲ್ಲಿ ಇದ್ದದ್ದು "ಸೂರ್ಯ". ಅವಳ ಬೆರಳು ನಿಂತಿದ್ದ ಜಾಗವನ್ನು ನೋಡಿದ ಮೇಲೆ ತಪ್ಪು ಅವಳದ್ದಲ್ಲ ಎಂದು ತಿಳಿಯಿತು. ಮೊದಲು ಸೂ, ಆಮೇಲೆ ಯ, ಅದರ ಬಲಕ್ಕೆ ಅರ್ಕಾವತ್ತು. ಎಡದಿಂದ ಬಲಕ್ಕೆ ಓದಬೇಕು ಎಂದು ನಾವೇ ಕಲಿಸಿದ್ದನ್ನು ನಂಬಿ ಅವಳು ಇದ್ದದ್ದನ್ನು ಇದ್ದ ಹಾಗೆಯೇ ಓದಿದ್ದಳು. ಕೊನೆಯಲ್ಲಿ ಕೂತಿರುವ ಆ ಕೊಕ್ಕೆಯನ್ನು ಮೊದಲು ಉಚ್ಚರಿಸಬೇಕು ಎಂಬುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಕನ್ನಡ ಓದಲು ಕಲಿಯುವ ಮಕ್ಕಳ ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷಿನಂಥ ಕಡಿಮೆ ಅಕ್ಷರಗಳ ಲಿಪಿಗಳಿಗೆ ಹೋಲಿಸಿದರೆ ನಮ್ಮ ಅಕ್ಷರಗಳ ಕಲಿಕೆ ಹೆಚ್ಚು ವರ್ಷಗಳ ಕಾಲ ನಡೆಯುತ್ತದೆ, ಮೊದಲ ತರಗತಿಯಲ್ಲಿ ಮುಗಿದುಹೋಗುವ ವಿಷಯ ಅದಲ್ಲ ಎಂದು ತೋರಿಸುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಸಂಜೆಗಳ ಜಗಳ ತಪ್ಪುತ್ತಿತ್ತು.

ಹಾಗೆಂದು, ಪ್ರೀತಿಯಿಂದ ಕಥೆ ಓದಿ ಹೇಳುತ್ತಿದ್ದರೆ ಸಾಕು, ಓದು ತಾನಾಗಿ ಬಂದುಬಿಡುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಾತು ತಾನಾಗಿ ಬರುತ್ತದೆ. ಓದನ್ನು ಬಹುಪಾಲು ಮಕ್ಕಳಿಗೆ ಕಲಿಸಲೇಬೇಕು. ಕಲಿಸದೆ ಬಿಟ್ಟರೆ ಜಾಣ ಮಕ್ಕಳು ಚಿತ್ರ ನೋಡಿ ಊಹಿಸಲು ಕಲಿಯುತ್ತಾರೆ. ನನ್ನ ಮಗಳೂ "ತೋಳ ಬಂತು" ಎಂದಿದ್ದ ಕಡೆ ಚಿತ್ರ ನೋಡಿ "ನಾಯಿ ಬಂತು" ಎಂದು ಸರಾಗವಾಗಿ ಓದಿ ಮುಂದೆ ಹೋಗಿದ್ದಳು, ಮತ್ತು ನಾನು ಕೆಲವು ದಿನ ಅದನ್ನೇ ಓದು ಎಂದು ನಂಬಿ ಬೀಗಿದ್ದೆ. ಚಿತ್ರವಿಲ್ಲದ ಪುಟ ಬಂದ ದಿನ ಬಣ್ಣ ಬಯಲಾಯಿತು. ಆದ್ದರಿಂದ ಅಕ್ಷರ ಕಲಿಸುವುದಕ್ಕೆ ಬೇರೆ ಹೊತ್ತನ್ನು ಇಟ್ಟೆವು: ಹಗಲಿನಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲದೆ, ಕಥೆಯ ಪುಸ್ತಕದಿಂದ ದೂರ. ಅ ಆ ಇ ಈ ಎಂದು ಕೊನೆಯವರೆಗೂ ಬಾಯಿಪಾಠ ಮಾಡಿಸಿ ಆಮೇಲೆ ಪದಕ್ಕೆ ಹೋಗುವ ಬದಲು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುವ ಕ್ರಮವೊಂದಿದೆ. ಅದರ ಬೆಲೆ ನನಗೆ ಆಗ ತಿಳಿಯಿತು. ಆ ಐದೇ ಅಕ್ಷರಗಳಲ್ಲಿ ಸರ, ರಸ, ದರ, ಅರಸ, ಅಗಸ ಎಂದು ಪದಗಳು ಮೊದಲ ದಿನವೇ ಹುಟ್ಟುತ್ತವೆ. ಕಾಗದದ ಚೂರುಗಳ ಮೇಲೆ ಅವನ್ನು ಬರೆದುಕೊಟ್ಟಾಗ ಅವಳು ಹಿಂದೆ ಮುಂದೆ ಜರುಗಿಸುತ್ತಾ ಕೂತು, ಅಗಸನ ಮಧ್ಯದ ಗ-ವನ್ನು ತೆಗೆದು ಅಲ್ಲಿ ರ ಇಟ್ಟು, ಅವನನ್ನು ಅರಸನನ್ನಾಗಿ ಮಾಡಿ ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ "ಒಂದೇ ಅಕ್ಷರ!" ಎಂದಳು. ಅಕ್ಷರಕ್ಕೆ ಇಷ್ಟು ಶಕ್ತಿಯಿದೆ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವಳೇ ಕಂಡುಕೊಂಡಳು. ಅಕ್ಷರ ಕಲಿಕೆ ಒಣ ಕೆಲಸ, ಕಥೆ ಮಾತ್ರ ರಸವತ್ತು ಎಂದು ವಿಂಗಡಿಸಿಕೊಂಡಿದ್ದ ನನ್ನ ತಿಳಿವಳಿಕೆ ಅರ್ಧ ಸುಳ್ಳಾದದ್ದು ಆ ಮಧ್ಯಾಹ್ನ.

ರಾತ್ರಿಯ ಪುಸ್ತಕವನ್ನು ಮತ್ತೆ ನಾನೇ ಓದಲು ಶುರುಮಾಡಿದೆ. ಬೆರಳು ಇಡಲಿಲ್ಲ, ಪ್ರಶ್ನೆ ಕೇಳಲಿಲ್ಲ. ಓದಲು ಬಂದ ಮಗುವಿಗೆ ಇನ್ನೂ ಯಾಕೆ ಓದಿ ಹೇಳಬೇಕು ಎಂದು ಕೇಳುವವರಿದ್ದಾರೆ. ಕನ್ನಡದ ಮಟ್ಟಿಗಂತೂ ಅದಕ್ಕೆ ಗಟ್ಟಿಯಾದ ಕಾರಣವಿದೆ. ನಾವು ಮನೆಯಲ್ಲಿ ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. "ಬರ್ತಾನೆ" ಎಂದು ದಿನಕ್ಕೆ ನೂರು ಸಲ ಕೇಳಿದ ಮಗು ಪುಟದ ಮೇಲೆ "ಬ... ರು... ತ್ತಾ... ನೆ" ಎಂದು ಒತ್ತಕ್ಷರ ಸಮೇತ ಸರಿಯಾಗಿ ಕೂಡಿಸಿ ಓದಿದರೂ, ಅದು ತನಗೆ ಗೊತ್ತಿರುವ ಪದವೇ ಎಂಬುದು ಅದಕ್ಕೆ ಹೊಳೆಯುವುದಿಲ್ಲ. ಶ್ರಮಪಟ್ಟು ಬಾಗಿಲು ತೆರೆದರೆ ಒಳಗೆ ಅಪರಿಚಿತರು ಕೂತಿದ್ದ ಹಾಗೆ. ಬರುತ್ತಾನೆ, ಹೋಗಿದ್ದಳು, ಆದರೂ, ಅಷ್ಟರಲ್ಲಿ, ಮುಂತಾದವು ಕಿವಿಗೆ ಮೊದಲೇ ಬಿದ್ದಿದ್ದರೆ ಕಣ್ಣಿಗೆ ಬಿದ್ದಾಗ ನೆಂಟರಂತೆ ಗುರುತು ಹತ್ತುತ್ತವೆ. ಭಾಷೆ ಯಾವುದಾದರೂ ಪುಸ್ತಕದ ಮಾತು ಮನೆಮಾತಿಗಿಂತ ಬೇರೆ ಬಗೆಯದು ಎಂಬುದಕ್ಕೆ ಆಧಾರವೂ ಇದೆ. ಜೆಸ್ಸಿಕಾ ಮಾಂಟಾಗ್ ಮತ್ತು ಸಂಗಡಿಗರು 2015ರಲ್ಲಿ 100 ಇಂಗ್ಲಿಷ್ ಚಿತ್ರಪುಸ್ತಕಗಳ ಮಾತನ್ನು ದೊಡ್ಡವರು ಮಕ್ಕಳೊಂದಿಗೆ ಆಡುವ ಮಾತಿನ ಜೊತೆ ಹೋಲಿಸಿ ನೋಡಿದಾಗ, ಅಷ್ಟೇ ಪ್ರಮಾಣದ ಮಾತಿನಲ್ಲಿ ಪುಸ್ತಕಗಳಲ್ಲೇ ಹೆಚ್ಚು ಬಗೆಯ ಪದಗಳು ಸಿಕ್ಕವು. "ಬಾ, ತಿನ್ನು, ಹಲ್ಲುಜ್ಜು, ಬೇಗ ಮಾಡು" ಎಂಬುದರಲ್ಲೇ ಮುಗಿಯುವ ನಮ್ಮ ಬೆಳಗುಗಳನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಆಗ ಅವಳು ಆರಿಸಿಕೊಂಡದ್ದು ಇರುವೆಗಳ ಬಗೆಗಿನ ಒಂದು ಪುಸ್ತಕ. ಸತತವಾಗಿ ಮೂರು ವಾರ ಅದೇ ಪುಸ್ತಕ. ಇರುವೆ ತನ್ನ ತೂಕಕ್ಕಿಂತ ಭಾರವಾದ ಎಲೆಯನ್ನು ಹೊತ್ತು ನಡೆಯುವ ಪುಟ ಬಂದಾಗ ಪ್ರತಿದಿನವೂ ಅದೇ ಜಾಗದಲ್ಲಿ ಅದೇ ಉಸಿರು. ನನಗೆ ಸಾಕಾಗಿ ಹೋಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ, ಒಂದು ದಿನ ಎರಡು ಪುಟಗಳನ್ನು ಒಟ್ಟಿಗೆ ತಿರುಗಿಸಿ ಸಿಕ್ಕಿಬಿದ್ದೆ ಕೂಡ. ಆಮೇಲೆ ಗೊತ್ತಾದದ್ದು, ಜೆಸ್ಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳಿಗೆ ಕಥೆ ಓದಿ ಈ ಹಟವನ್ನೇ ಪರೀಕ್ಷಿಸಿದ್ದರಂತೆ. ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ, ಇನ್ನು ಕೆಲವರಿಗೆ ಬೇರೆ ಬೇರೆ ಕಥೆಗಳನ್ನು ಓದಿದರು. ಹೊಸ ಪದಗಳು ಕಿವಿಗೆ ಬಿದ್ದ ಸಲಗಳ ಲೆಕ್ಕ ಮಾತ್ರ ಇಬ್ಬರಿಗೂ ಸಮ. ಒಂದೇ ಕಥೆ ಕೇಳಿದವರು ಆ ಪದಗಳನ್ನು ಹೆಚ್ಚು ಚೆನ್ನಾಗಿ ಕಲಿತಿದ್ದರು. ಕಥೆ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ ಗಮನ ಪದಗಳ ಕಡೆಗೆ ಬಿಡುವಾಗುತ್ತದೆ ಎಂದು ಕಾಣುತ್ತದೆ. ನಾಲ್ಕನೆಯ ವಾರ ಅವಳೇ ಆ ಪುಸ್ತಕವನ್ನು ನನಗೆ ಓದಿ ಹೇಳಿದಳು. ಅದರಲ್ಲಿ ಅರ್ಧ ನೆನಪು, ಅರ್ಧ ಓದು. ಎಲ್ಲಿ ನೆನಪು ಮುಗಿದು ಓದು ಶುರುವಾಗುತ್ತಿತ್ತು ಎಂಬುದನ್ನು ಅವಳ ದನಿಯ ವೇಗದಿಂದಲೇ ಹೇಳಬಹುದಿತ್ತು, ಆದರೆ ಅವಳಿಗೆ ಆ ಗೆರೆ ಕಾಣುತ್ತಿರಲಿಲ್ಲ, ನಾನೂ ತೋರಿಸಲು ಹೋಗಲಿಲ್ಲ.

ನಡುವೆ ನಾನು ಮಾಡಿದ ಇನ್ನೊಂದು ಎಡವಟ್ಟನ್ನೂ ಹೇಳಬೇಕು. ಓದಿದ ಪುಸ್ತಕಕ್ಕೊಂದು ನಕ್ಷತ್ರದ ಸ್ಟಿಕ್ಕರ್, ಹತ್ತು ನಕ್ಷತ್ರಕ್ಕೊಂದು ಉಡುಗೊರೆ ಎಂದು ಗೋಡೆಗೆ ಪಟ್ಟಿ ಅಂಟಿಸಿದ್ದೆ. ಒಂದು ವಾರ ಭರ್ಜರಿಯಾಗಿ ನಡೆಯಿತು. ಎರಡನೆಯ ವಾರ ಅವಳು ಕಪಾಟಿನಿಂದ ಆರಿಸಿ ತರುತ್ತಿದ್ದವೆಲ್ಲ ಎರಡು ವರ್ಷದ ಕೂಸುಗಳಿಗೆಂದು ಮಾಡಿದ, ಪುಟಕ್ಕೊಂದೇ ಪದವಿರುವ ರಟ್ಟಿನ ಪುಸ್ತಕಗಳು. ಲೆಕ್ಕದ ದೃಷ್ಟಿಯಿಂದ ಅವಳು ಮಾಡಿದ್ದು ಸರಿಯೇ. ಪುಸ್ತಕವೊಂದಕ್ಕೆ ನಕ್ಷತ್ರವೊಂದು ಎಂದವಳು ನಾನು. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಹೆಸರುವಾಸಿ. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮುಂಚೆಯೇ ಹೇಳಿ ಕೊಟ್ಟರು, ಕೆಲವರಿಗೆ ಹೇಳದೆಯೇ ಕೊಟ್ಟರು, ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟು ನೋಡಿದಾಗ, ಮಾತು ಕೊಟ್ಟು ಬಹುಮಾನ ಪಡೆದಿದ್ದ ಮಕ್ಕಳು ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಖುಷಿಗಾಗಿ ಮಾಡುತ್ತಿದ್ದದ್ದು ಕೂಲಿಯಾಗಿಬಿಟ್ಟಿತ್ತು. ಪಟ್ಟಿಯನ್ನು ನಾನು ಸದ್ದಿಲ್ಲದೆ ಕಿತ್ತೆ, ಅವಳೂ ಕೇಳಲಿಲ್ಲ. ಗೋಡೆಯ ಸುಣ್ಣ ಮಾತ್ರ ನಾಲ್ಕು ಕಡೆ ಎದ್ದುಬಂತು.

ಪುಸ್ತಕದ ಆಯ್ಕೆಯನ್ನು ಮಗುವಿಗೆ ಬಿಡಬೇಕು ಎಂದು ಎಲ್ಲರೂ ಹೇಳುತ್ತಾರೆ, ಬಿಡುವುದು ಮಾತ್ರ ಕಷ್ಟ. ನಮಗೆ ನೀತಿ ಬೇಕು. ಮಕ್ಕಳ ಕಥೆಗಳ ಕೊನೆಗೆ "ಇದರಿಂದ ನಾವು ತಿಳಿಯುವುದೇನೆಂದರೆ" ಎಂದು ಬೆತ್ತ ಹಿಡಿದು ನಿಲ್ಲುವ ಆ ಒಂದು ಸಾಲಿನ ಮೇಲೆ ನನಗೆ ಬಾಲ್ಯದಿಂದಲೂ ಸಿಟ್ಟಿದೆ. ಅಷ್ಟು ಹೊತ್ತು ಕಥೆ ಹೇಳಿದವರು ತಟ್ಟನೆ ವೇಷ ಕಳಚಿ ಮೇಷ್ಟ್ರಾಗಿಬಿಟ್ಟರು ಎಂಬ ಮೋಸದ ಭಾವ ಅದು. ದೊಡ್ಡವರು ಓದುವಾಗ ನಾವು ಹಾಗೆ ಓದುವುದಿಲ್ಲ. ಪತ್ತೇದಾರಿ ಕಾದಂಬರಿ ಮುಗಿಸಿದವರನ್ನು ಯಾರೂ "ಏನು ಕಲಿತೆ?" ಎಂದು ಕೇಳುವುದಿಲ್ಲ. ಮಗುವಿಗೆ ಮಾತ್ರ ಪ್ರತಿ ಪುಟವೂ ಉಪಯೋಗಕ್ಕೆ ಬರಬೇಕು. ಚಿತ್ರಕಥೆಗಳು, ಒಗಟುಗಳು, ಲಾರಿಯ ಎಂಜಿನ್ನಿನ ಭಾಗಗಳ ಹೆಸರು, ಹುಳಹುಪ್ಪಟೆಗಳ ಜಾತಕ, ಇವೆಲ್ಲ ಓದೇ. ಪುಟಕ್ಕೆ ಬೆರಳು ತಾಗಿಸಿದರೆ ತಾನೇ ಓದಿ ಹೇಳುವ ಯಂತ್ರಗಳ ಬಗ್ಗೆ ಕೇಳುವವರಿಗೆ, ಅದು ಕೆಡುಕಲ್ಲ, ಆದರೆ ಮಗು "ಯಾಕೆ?" ಎಂದಾಗ ಅದು ಸುಮ್ಮನಿರುತ್ತದೆ ಎಂದಷ್ಟೇ ಹೇಳುತ್ತೇನೆ.

ಕಣ್ಣು ಅಥವಾ ಕಿವಿಯ ತೊಂದರೆಯಿದ್ದರೆ, ಅಥವಾ ಒಳ್ಳೆಯ ಪಾಠ ಸಿಕ್ಕಿಯೂ ವರ್ಷಗಟ್ಟಲೆ ಅಕ್ಷರ ನೆಲೆ ನಿಲ್ಲದಿದ್ದರೆ, ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಡಿಸ್‌ಲೆಕ್ಸಿಯಾ, ಅಂದರೆ ಜಾಣತನವಿದ್ದೂ ಓದು ಕಲಿಯುವುದು ಕಷ್ಟವಾಗುವ ತೊಂದರೆ, ಇರುವ ಮಗುವನ್ನು "ಇನ್ನೂ ಸ್ವಲ್ಪ ಪ್ರಯತ್ನಪಡು" ಎಂದು ಗದರುವುದು, ಕನ್ನಡಕ ಬೇಕಾದವರಿಗೆ ಇನ್ನೂ ಸ್ವಲ್ಪ ದಿಟ್ಟಿಸಿ ನೋಡು ಎಂದ ಹಾಗೆಯೇ.

ಈಗ ನಮ್ಮ ರಾತ್ರಿಯ ಓದು ಹೀಗೆ ನಡೆಯುತ್ತದೆ. ಒಂದು ಪುಟ ನಾನು, ಒಂದು ಸಾಲು ಅವಳು. ಅವಳಿಗೆ ಹುರುಪಿದ್ದ ದಿನ ಇದು ತಿರುಗುಮುರುಗಾಗುತ್ತದೆ, ಬೇಡವೆಂದ ದಿನ ಪೂರ್ತಿ ನಾನೇ. ಅವಳು ಪದವೊಂದಕ್ಕೆ ತಡವರಿಸಿದರೆ ನಾನು ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಎಣಿಸುವುದರೊಳಗೆ ಅರ್ಧಕ್ಕರ್ಧ ಸಲ ಅವಳಿಗೇ ದಾರಿ ಸಿಗುತ್ತದೆ, ಸಿಗದಿದ್ದರೆ ಪದವನ್ನು ಹೇಳಿಬಿಡುತ್ತೇನೆ, ಪಾಠವನ್ನೇನೂ ಜೊತೆಗೆ ಸೇರಿಸುವುದಿಲ್ಲ. ಆ ಪದದ ಪಾಠ ಮರುದಿನ ಹಗಲಿನ ಹತ್ತು ನಿಮಿಷಕ್ಕೆ. ತಪ್ಪುಗಳಲ್ಲಿ ಎರಡು ಬಗೆಯಿರುವುದನ್ನೂ ಈ ಮೌನದಲ್ಲಿ ಕಲಿತೆ. "ಕಾಡಿಗೆ ಹೋದನು" ಎಂಬುದನ್ನು "ಕಾಡಿಗೆ ಹೋದ" ಎಂದು ಓದುವ ಮಗು ಅರ್ಥವನ್ನು ಹಿಡಿದುಕೊಂಡೇ ನಡೆಯುತ್ತಿದೆ. ಅಲ್ಲಿ ತಡೆದು ನಿಲ್ಲಿಸುವುದು ಕೆಟ್ಟ ಅಭ್ಯಾಸ. "ಕಾಡಿಗೆ" ಎಂಬುದನ್ನು "ಕಡಗಿ" ಎಂದು ಓದಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋದರೆ ಅರ್ಥದ ಕೈ ತಪ್ಪಿದೆ ಎಂದು ತಿಳಿಯಬೇಕು. ಆಗಲೂ "ತಪ್ಪು" ಎನ್ನುವ ಬದಲು "ಯಾರು ಎಲ್ಲಿಗೆ ಹೋದರಂತೆ? ನನಗೆ ಗೊತ್ತಾಗಲಿಲ್ಲ" ಎಂದರೆ, ಅವಳು ನನಗೆ ತಿಳಿಸಿಕೊಡಲೆಂದು ಹಿಂದಕ್ಕೆ ಹೋಗುತ್ತಾಳೆ.

ಮೊನ್ನೆ ಗೂಬೆಯ ಕಥೆಯೊಂದನ್ನು ಓದುತ್ತಿದ್ದೆವು. ನನ್ನ ಸಾಲುಗಳು ಮುಗಿದಿದ್ದವು, ಅವಳದ್ದೂ ಮುಗಿಯಿತೆಂದುಕೊಂಡು ಪುಟದ ಮೂಲೆಗೆ ಕೈ ಹಾಕಿದೆ. ಅವಳು ಅಂಗೈಯಿಂದ ಪುಟವನ್ನು ಒತ್ತಿ ಹಿಡಿದಳು. "ತಾಳಮ್ಮಾ, ನಾನಿನ್ನೂ ಇಲ್ಲೇ ಇದ್ದೀನಿ" ಎಂದಳು, ಕಣ್ಣನ್ನು ಪುಟದಿಂದ ಎತ್ತಲಿಲ್ಲ. ತುಟಿಗಳು ಸದ್ದಿಲ್ಲದೆ ಅಲುಗಾಡುತ್ತಿದ್ದವು. ಕೆಳಗಿನ ಮೂಲೆಯಲ್ಲಿ, ಚಿತ್ರದೊಳಗೆ, ಮರದ ಪೊಟರೆಯ ಬಾಗಿಲಿಗೆ ನೇತುಹಾಕಿದ್ದ ಪುಟ್ಟ ಹಲಗೆಯ ಮೇಲೆ ಏನೋ ಬರೆದಿತ್ತು. ಅಷ್ಟು ದಿನ ಆ ಪುಸ್ತಕ ಓದಿಯೂ ನಾನು ಅದನ್ನು ಕಂಡಿರಲಿಲ್ಲ. "ಹಗಲು ಬಾಗಿಲು ಬಡಿಯಬೇಡಿ" ಎಂದಿತ್ತು. ಅವಳು ಅದನ್ನು ಎರಡು ಸಲ ಓದಿಕೊಂಡು, ಒಬ್ಬಳೇ ನಕ್ಕು, ಆಮೇಲೆ ಕೈ ತೆಗೆದಳು.